‘ಬೇಗ ಸಿಟ್ಟು, ರಸ್ತೆ ವಿಷಯ ಎತ್ತಬೇಡಿ’: ಓದುಗರ ಪ್ರಶ್ನೆ, ನಮ್ಮ ಉತ್ತರ

ಹೋದ ಸಂಚಿಕೆಯಲ್ಲಿ ಎಲೆಕ್ಷನ್ ಟೈಮಲ್ಲಿ ನಿಮ್ಮ ಫೋನ್ ನಂಬರ್ ಪಕ್ಷದವರಿಗೆ ಹೇಗೆ ಸಿಗುತ್ತೆ ಅಂತ ಸುಮ್ನೆ ನಾಲ್ಕು ಸಾಲು ಬರೆದಿದ್ದೆ, ಅದಕ್ಕೆ ಇಷ್ಟು ಪತ್ರ ಬರುತ್ತೆ ಅಂತ ಅಂದ್ಕೊಂಡಿರ್ಲಿಲ್ಲ. ಹಾಗಾಗಿ ಈ ಸಲ ಗ್ಯಾಸ್ ಸಬ್ಸಿಡಿ, ಆಧಾರ್ ತಿದ್ದುಪಡಿ ಪ್ರಶ್ನೆಗಳೆಲ್ಲ ಮುಂದಿನ ತಿಂಗಳಿಗೆ. ಬೇಜಾರ್ ಮಾಡ್ಕೋಬೇಡಿ.

ನಮ್ಮ ತೋಟಕ್ಕೆ ಆನೆ ನುಗ್ಗಿ ಬಾಳೆ, ಕಾಫಿ ಗಿಡ ಎಲ್ಲಾ ತುಳಿದು ಹಾಕಿತ್ತು, ಫೋಟೋ ಫೇಸ್‌ಬುಕ್‌ಗೆ ಹಾಕಿದ್ದೆ. ಎರಡೇ ದಿನಕ್ಕೆ ‘ಆನೆ ಕಾಟಕ್ಕೆ ನಾವೇ ಪರಿಹಾರ’ ಅಂತ ಒಂದು ಪಕ್ಷದ ಆ್ಯಡ್ ಬಂತು. ಮೈಸೂರಲ್ಲಿರೋ ನನ್ನ ತಂಗಿಗೆ ಅದೇ ಪಕ್ಷದ್ದು ಬೇರೆ ಏನೋ ಬಂದಿದೆ, ಆನೆ ಸುದ್ದಿನೇ ಇಲ್ಲ. ಫೋನು ನಮ್ಮ ಮಾತು ಕದ್ದು ಕೇಳುತ್ತಾ?
– ಬೇಲೂರು ತಾಲ್ಲೂಕಿನ ಓದುಗರು

ಕದ್ದು ಕೇಳೋ ಕಷ್ಟ ಅದಕ್ಕೆ ಯಾಕಮ್ಮ, ನೀವೇ ಫೋಟೋ ಸಮೇತ ಹೇಳಿದ್ದೀರಲ್ಲ! ನಿಮ್ಮ ಫೋನ್ ಎಲ್ಲಿದೆ ಅಂತ ಫೇಸ್‌ಬುಕ್‌ನವರಿಗೆ ಗೊತ್ತು, ನಿಮ್ಮ ವಯಸ್ಸು ಗೊತ್ತು, ಕಾಫಿ ರೇಟಿನ ಪೇಜ್ ಫಾಲೋ ಮಾಡ್ತೀರ ಅಂತ ಗೊತ್ತು, ಆನೆ ವಿಡಿಯೋ ಬಂದಾಗ ನಿಮ್ಮ ಹೆಬ್ಬೆರಳು ನಿಂತ್ಕೊಳ್ಳುತ್ತೆ ಅನ್ನೋದೂ ಗೊತ್ತು, ಇಷ್ಟು ಸಾಕು. ಧರ್ಮ, ರಾಜಕೀಯ ಒಲವು, ಆರೋಗ್ಯ ಇಂಥ ವಿಷಯ ನೋಡಿ ಆ್ಯಡ್ ಗುರಿ ಇಡೋ ಆಯ್ಕೆಗಳನ್ನ ಫೇಸ್‌ಬುಕ್‌ನವರು 2022ರ ಜನವರಿಯಿಂದ ತೆಗೆದುಹಾಕಿದ್ದಾರೆ. ಆದ್ರೆ ಇನ್ನೊಂದು ಬಾಗಿಲು ಹಾಗೇ ತೆರೆದಿದೆ. ಯಾರ ಹತ್ರ ಬೇಕಾದ್ರೂ ಒಂದು ಫೋನ್ ನಂಬರ್ ಪಟ್ಟಿ ಇದ್ರೆ ಅದನ್ನ ಅಪ್‌ಲೋಡ್ ಮಾಡಿ, ಈ ನಂಬರ್‌ನವರಿಗೇ ಆ್ಯಡ್ ತೋರ್ಸಿ, ಜೊತೆಗೆ ಇವರ ಥರಾನೇ ಇರೋ ಇನ್ನಷ್ಟು ಜನ ಹುಡುಕಿ ಅವರಿಗೂ ತೋರ್ಸಿ ಅಂತ ಹೇಳಬಹುದು. ಬೆಳೆ ಪರಿಹಾರಕ್ಕೆ ಅರ್ಜಿ ಬರೆಸ್ತೀವಿ ಅಂತ ಯಾರೋ ಬಂದು ನಂಬರ್ ಬರ್ಕೊಂಡು ಹೋಗಿದ್ರಾ, ಸ್ವಲ್ಪ ನೆನಪು ಮಾಡ್ಕೊಳ್ಳಿ.

ಆ್ಯಡ್ ಮೇಲೆ ಮೂರು ಚುಕ್ಕಿ ಇರುತ್ತೆ, ಅದನ್ನ ಒತ್ತಿದ್ರೆ ಈ ಆ್ಯಡ್ ನನಗೆ ಯಾಕೆ ಕಾಣ್ತಿದೆ ಅಂತ ಒಂದು ಸಾಲು ಸಿಗುತ್ತೆ. ಉತ್ತರ ಅರ್ಧಂಬರ್ಧ ಇರುತ್ತೆ, ಆದ್ರೂ ನೋಡಿ. ಮತ್ತೆ ತಂಗಿಗೆ ಬಂದಿದ್ದನ್ನ ತರಿಸ್ಕೊಂಡು ನಿಮ್ಮದರ ಪಕ್ಕ ಇಟ್ಟು ನೋಡಿದ್ರಲ್ಲ, ಅದು ಬಹಳ ಒಳ್ಳೆ ಕೆಲಸ, ಯಾಕೆ ಅಂತ ಕೆಳಗೆ ಬರುತ್ತೆ.

ಕೇಂಬ್ರಿಡ್ಜ್ ಅನಲಿಟಿಕಾ ಅನ್ನೋ ಎಲೆಕ್ಷನ್ ಪ್ರಚಾರದ ಡೇಟಾ ಕಂಪನಿ ಬಗ್ಗೆ ಕಾಲೇಜಲ್ಲಿ ಸೆಮಿನಾರ್ ಕೊಡ್ಬೇಕು. ಅವರು ಜನರ ಮನಸ್ಸು ಓದಿ ಅಮೆರಿಕದ ಎಲೆಕ್ಷನ್ ಗೆಲ್ಲಿಸಿದ್ರು ಅಂತಾರೆ, ನಿಜಾನಾ? ಭಾರತದವರ ಡೇಟಾ ಕೂಡ ಹೋಗಿತ್ತಾ?
– ಪದವಿ ವಿದ್ಯಾರ್ಥಿ, ಚಿಕ್ಕಮಗಳೂರು

ಡೇಟಾ ಹೋಗಿದ್ದು ನಿಜ, ಗೆಲ್ಲಿಸಿದ್ದು ಅನುಮಾನ. ಸೆಮಿನಾರಲ್ಲಿ ಈ ಎರಡನ್ನೂ ಕಲಸಿ ಹೇಳ್ಬೇಡ.

ಆಗಿದ್ದು ಇಷ್ಟು. ಅಲೆಕ್ಸಾಂಡರ್ ಕೋಗನ್ ಅಂತ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಒಬ್ಬ ಸಂಶೋಧಕ ಫೇಸ್‌ಬುಕ್‌ನಲ್ಲಿ ಒಂದು ವ್ಯಕ್ತಿತ್ವ ಪರೀಕ್ಷೆಯ ಆ್ಯಪ್ ಮಾಡಿದ. ಸುಮಾರು 2 ಲಕ್ಷ 70 ಸಾವಿರ ಜನ ಅದನ್ನ ಹಾಕ್ಕೊಂಡ್ರು, ಪ್ರಶ್ನೆಗೆ ಉತ್ತರ ಕೊಟ್ಟೋರಿಗೆ ಚಿಲ್ಲರೆ ದುಡ್ಡೂ ಸಿಕ್ತು. ಆಗಿನ ಫೇಸ್‌ಬುಕ್ ನಿಯಮ ಹೇಗಿತ್ತು ಅಂದ್ರೆ ನೀನು ಒಪ್ಪಿಗೆ ಕೊಟ್ರೆ ನಿನ್ನ ಫ್ರೆಂಡ್ಸ್ ಮಾಹಿತೀನೂ ಆ್ಯಪ್‌ಗೆ ಹೋಗ್ತಿತ್ತು, ಅವರನ್ನ ಯಾರೂ ಕೇಳ್ತಾನೇ ಇರ್ಲಿಲ್ಲ. ಹಂಗಾಗಿ 2 ಲಕ್ಷ 70 ಸಾವಿರ ಹೋಗಿ 8 ಕೋಟಿ 70 ಲಕ್ಷದ ತನಕ ಆಯ್ತು, ಇದು ಫೇಸ್‌ಬುಕ್‌ನವರೇ 2018ರ ಏಪ್ರಿಲ್‌ನಲ್ಲಿ ಒಪ್ಕೊಂಡ ಲೆಕ್ಕ. ಭಾರತದಲ್ಲಿ ಆ್ಯಪ್ ಹಾಕ್ಕೊಂಡಿದ್ದು ಬರೀ 335 ಜನ, ಮಾಹಿತಿ ಹೋಗಿರಬಹುದಾದವರು 5,62,455. ಒಬ್ಬ ಮದುವೆಗೆ ಕರೆದ್ರೆ ಊರೇ ಬಂದಂಗೆ. ಆ ಡೇಟಾ ಕೇಂಬ್ರಿಡ್ಜ್ ಅನಲಿಟಿಕಾ ಕಂಪನಿ ಕೈಗೆ ಸಿಕ್ತು, ಅವರು ಅಮೆರಿಕದ ರಾಜಕಾರಣಿ ಟೆಡ್ ಕ್ರೂಜ್‌ಗೂ ಆಮೇಲೆ ಟ್ರಂಪ್ ಪ್ರಚಾರಕ್ಕೂ ಕೆಲಸ ಮಾಡಿದ್ರು. ಅಲ್ಲೇ ಕೆಲಸ ಮಾಡ್ತಿದ್ದ ಕ್ರಿಸ್ಟೋಫರ್ ವೈಲಿ 2018ರ ಮಾರ್ಚ್‌ನಲ್ಲಿ ಪತ್ರಿಕೆಗಳ ಮುಂದೆ ಎಲ್ಲಾ ಬಾಯಿಬಿಟ್ಟ, ಮೇ ತಿಂಗಳಿಗೆ ಕಂಪನಿ ಬಾಗಿಲು ಹಾಕ್ತು, ಮಾರನೇ ವರ್ಷ ಅಮೆರಿಕದಲ್ಲಿ ಫೇಸ್‌ಬುಕ್‌ಗೆ 500 ಕೋಟಿ ಡಾಲರ್ ದಂಡ ಬಿತ್ತು. ನಮ್ಮ ಸಿಬಿಐ ಕೇಂಬ್ರಿಡ್ಜ್ ಅನಲಿಟಿಕಾ ಮೇಲೆ ಕೇಸ್ ಹಾಕಿದ್ದು 2021ರ ಜನವರಿಯಲ್ಲಿ.

ಈಗ ಮನಸ್ಸು ಓದೋ ವಿಷಯ. ಮನಃಶಾಸ್ತ್ರದಲ್ಲಿ ವ್ಯಕ್ತಿತ್ವ ಅಳೆಯೋಕೆ ಐದು ಗುಣಗಳ ಒಂದು ಮಾಪನ ಇದೆ: ಹೊಸದಕ್ಕೆ ಮನಸ್ಸು ತೆರೆದಿರೋದು, ಶಿಸ್ತು, ಜನರ ಜೊತೆ ಬೆರೆಯೋದು, ಹೊಂದ್ಕೊಂಡು ಹೋಗೋದು, ಆತಂಕದ ಸ್ವಭಾವ. ಫೇಸ್‌ಬುಕ್ ಲೈಕ್ ನೋಡಿ ಈ ಐದನ್ನ ಊಹಿಸಬಹುದು ಅಂತ ಸಂಶೋಧಕ ಮಿಖಾಲ್ ಕೊಸಿನ್ಸ್ಕಿ ಮತ್ತೆ ಅವರ ಜೊತೆಯವರು 2013ರಲ್ಲಿ, 2015ರಲ್ಲಿ ಬರೆದ್ರು. ಹತ್ತು ಲೈಕ್ ಸಿಕ್ರೆ ಕಂಪ್ಯೂಟರ್ ನಿಮ್ಮನ್ನ ಆಫೀಸಿನ ಸಹೋದ್ಯೋಗಿಗಿಂತ ಚೆನ್ನಾಗಿ ಅಳೆಯುತ್ತೆ, ಮುನ್ನೂರು ಸಿಕ್ರೆ ಗಂಡ ಹೆಂಡತಿಗಿಂತ ಚೆನ್ನಾಗಿ, ಅಂತ. ಇದನ್ನ ಓದಿ ನನ್ನ ಹೆಂಡತಿ ನಗಾಡಿದಳು, ನಿಮ್ಮನ್ನ ಅಳೆಯೋಕೆ ಮುನ್ನೂರು ಬೇಕಾ ಅಂತ.

ಸರಿ, ಒಬ್ಬರು ಆತಂಕದ ಸ್ವಭಾವದವರು ಅಂತ ಗೊತ್ತಾಯ್ತು ಅಂದ್ಕೋ. ಅವರಿಗೆ ಹೆದರಿಸೋ ಆ್ಯಡ್ ತೋರಿಸಿದ್ರೆ ವೋಟು ತಿರುಗುತ್ತಾ? ಇಲ್ಲೇ ಎಲ್ಲಾ ಎಡವೋದು. ಹೊಂದೋ ಥರ ಆ್ಯಡ್ ಮಾಡಿದ್ರೆ ಮೇಕಪ್ ಸಾಮಾನು ಸ್ವಲ್ಪ ಜಾಸ್ತಿ ಮಾರಾಟ ಆಗುತ್ತೆ ಅನ್ನೋದಕ್ಕೆ ಪ್ರಯೋಗ ಇದೆ, ವೋಟು ಮೇಕಪ್ಪಿನಷ್ಟು ಸುಲಭಕ್ಕೆ ಬದಲಾಗಲ್ಲ. ಅಮೆರಿಕದಲ್ಲಿ ಕಲ್ಲಾ ಮತ್ತೆ ಬ್ರೂಕ್‌ಮನ್ ಅನ್ನೋ ಇಬ್ಬರು ಸಂಶೋಧಕರು 49 ಪ್ರಯೋಗಗಳನ್ನ ಒಟ್ಟಿಗೆ ಇಟ್ಟು 2018ರಲ್ಲಿ ಲೆಕ್ಕ ಹಾಕಿದ್ರು. ಸಾರ್ವತ್ರಿಕ ಚುನಾವಣೆಯಲ್ಲಿ ಯಾರಿಗೆ ವೋಟು ಅನ್ನೋದರ ಮೇಲೆ ಪ್ರಚಾರದ ಪರಿಣಾಮ ಸರಾಸರಿಯಲ್ಲಿ ಹೆಚ್ಚುಕಮ್ಮಿ ಸೊನ್ನೆ ಅಂತ ಬಂತು. ಬ್ರಿಟನ್ನಿನ ಮಾಹಿತಿ ಆಯುಕ್ತರ ಕಚೇರಿ ಕೇಂಬ್ರಿಡ್ಜ್ ಅನಲಿಟಿಕಾದ ಕಂಪ್ಯೂಟರ್‌ಗಳನ್ನೆಲ್ಲ ಜಪ್ತಿ ಮಾಡಿ ನೋಡಿ 2020ರಲ್ಲಿ ಹೇಳಿದ್ದೂ ಅದೇ ಧಾಟಿ, ಇವರು ಬಳಸ್ತಿದ್ದಿದ್ದು ಎಲ್ಲರ ಹತ್ರ ಇರೋ ಮಾಮೂಲಿ ವಿಧಾನಗಳೇ ಅಂತ. ತಾವು ಮಾಂತ್ರಿಕರು ಅಂತ ಮಾರ್ಕೊಂಡೋರು ಮೊದಲು ಅವರೇ, ಗಿರಾಕಿ ಹಿಡಿಯೋಕೆ. ನಾವು ಆ ಬ್ರೋಷರನ್ನೇ ನಂಬಿ ಹೆದರಿದ್ವಿ.

ಹಾಗಂತ ನಿಶ್ಚಿಂತೆಯಿಂದ ಮಲಗೋ ಹಾಗೂ ಇಲ್ಲ. 2023ರ ವಿಧಾನಸಭೆ ಎಲೆಕ್ಷನ್‌ನಲ್ಲಿ ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆಯಲ್ಲಿ ಗೆಲುವಿನ ಅಂತರ 722 ವೋಟು, ಶೃಂಗೇರಿಯಲ್ಲಿ ಎಣಿಕೆ ದಿನ ಘೋಷಿಸಿದ ಅಂತರ 201. ಅಂಥ ಕಡೆ ಯಾರ ಮನಸ್ಸೂ ಬದಲಾಯಿಸಬೇಕಾಗಿಲ್ಲ, ಎದುರಾಳಿ ಕಡೆಯ ಕೆಲವು ನೂರು ಜನಕ್ಕೆ ಬೇಜಾರ್ ಹುಟ್ಟಿಸಿ ಮನೇಲೇ ಕೂರಿಸಿದ್ರೂ ಆಯ್ತು.

ನಾನು ಒಂದು ಪಕ್ಷದ ಬೂತ್ ಹುಡುಗ ಸಾರ್. ಮನೆ ಮನೆಗೆ ಹೋಗಿ ನಂಬರ್, ಜಾತಿ, ಕೆಲಸ, ಯಾವ ಕಡೆ ಒಲವು ಎಲ್ಲಾ ಬರ್ಕೊಂಡು ಆ್ಯಪ್‌ಗೆ ಹಾಕ್ತೀನಿ, ದಿನಕ್ಕೆ ಇಷ್ಟು ಅಂತ ಕೊಡ್ತಾರೆ. ಇದು ತಪ್ಪಾ?
– ಅರಸೀಕೆರೆ ಕಡೆಯ ಓದುಗ, ಹೆಸರು ಬೇಡ ಅಂದಿದ್ದಾರೆ

ಈ ಪತ್ರ ನನಗೆ ತುಂಬಾ ಹಿಡಿಸ್ತು ತಮ್ಮಾ. ಯಾಕಂದ್ರೆ ಕೇಂಬ್ರಿಡ್ಜ್ ಗೀಂಬ್ರಿಡ್ಜ್ ಎಲ್ಲಾ ದೂರದ ಮಾತು, ನಮ್ಮ ಕಡೆ ನಡೆಯೋದು ನೀನು ಮಾಡೋ ಕೆಲಸದಿಂದ.

ಒಂದು ಕತೆ ಹೇಳ್ತೀನಿ. ಹಾಸನದಲ್ಲಿ ನಾನು ಕೆಲವು ವರ್ಷ ಜೆರಾಕ್ಸ್, ಡಿಟಿಪಿ ಅಂಗಡಿ ಇಟ್ಟಿದ್ದೆ. ಒಂದು ಎಲೆಕ್ಷನ್ ಟೈಮಲ್ಲಿ ಒಂದು ಪಕ್ಷದ ಹುಡುಗ ಪೆನ್‌ಡ್ರೈವ್ ತಂದು ಎಕ್ಸೆಲ್ ಫೈಲ್ ಪ್ರಿಂಟ್ ತೆಗಿ ಅಂದ. ಓಪನ್ ಮಾಡಿದ್ರೆ ನಮ್ಮದೇ ಬೂತಿಂದು! ಮತದಾರರ ಪಟ್ಟಿಯಲ್ಲಿರೋ ಹೆಸರು, ತಂದೆ ಅಥವಾ ಗಂಡನ ಹೆಸರು, ಮನೆ ನಂಬರ್, ವಯಸ್ಸು, ಅದರ ಪಕ್ಕ ಇವರೇ ಸೇರಿಸಿದ ಕಾಲಂಗಳು, ಫೋನ್, ಜಾತಿ, ಒಳಪಂಗಡ, ಎ ಬಿ ಸಿ ಅಂತ ಗ್ರೇಡು (ಎ ನಮ್ಮವರು, ಸಿ ಅವರ ಕಡೆಯವರು, ಬಿ ಅಂದ್ರೆ ತೂಗಾಡೋರು), ಕೊನೇಲಿ ‘ಯಾರ ಮಾತು ಕೇಳ್ತಾರೆ’, ‘ಷರಾ’. ಕೈ ತಡೀಲಿಲ್ಲ, ನನ್ನ ಹೆಸರು ಹುಡುಕಿದೆ. ಗ್ರೇಡು ಬಿ. ಯಾರ ಮಾತು ಕೇಳ್ತಾರೆ: ಹೆಂಡತಿ. ಷರಾ: ‘ಬೇಗ ಸಿಟ್ಟು, ರಸ್ತೆ ವಿಷಯ ಎತ್ತಬೇಡಿ.’ ಪಕ್ಕದ ಮನೆ ಅಜ್ಜಿ ಹೆಸರ ಮುಂದೆ ‘ಮಗ ಬೆಂಗಳೂರು, ಫೋನ್ ಮಾಡಿಸಿ’ ಅಂತ ಇತ್ತು. ಎರಡು ಬೀದಿ ಆಚೆಯ ಒಬ್ಬರ ಮುಂದೆ ಅವರ ಕಾಯಿಲೆ ಹೆಸರು, ಆಪರೇಷನ್‌ಗೆ ಸಹಾಯ ಮಾಡಿದ್ದು ಯಾರು ಅಂತ.

ಐದು ಗುಣದ ಮಾಪನ ಯಾರಿಗೆ ಬೇಕು ಹೇಳು. ನನ್ನ ಸಿಟ್ಟು, ನನ್ನ ಹೆಂಡತಿ ಮಾತು, ಮುನ್ಸಿಪಾಲಿಟಿ ರಸ್ತೆ ಗುಂಡಿ, ಎಲ್ಲಾ ಒಂದೇ ಸಾಲಲ್ಲಿ. ಬರೆದೋನು ಯಾರು ಅಂದ್ರೆ ದಿನಾ ಬೆಳಗ್ಗೆ ನನ್ನ ಜೊತೆ ಕಾಫಿ ಕುಡಿಯೋನೇ ಇರ್ಬೇಕು, ಇವತ್ತಿಗೂ ಗೊತ್ತಾಗಿಲ್ಲ. ನೂರೈವತ್ತು ಪೇಜ್ ಪ್ರಿಂಟ್ ತೆಗೆದು ದುಡ್ಡು ಇಸ್ಕೊಂಡೆ ಅನ್ನೋದೂ ಸತ್ಯ, ಹಾಗಾಗಿ ನಿನಗೆ ಉಪದೇಶ ಮಾಡೋ ಯೋಗ್ಯತೆ ನನಗಿಲ್ಲ.

ಕಾನೂನು ಏನು ಹೇಳುತ್ತೆ ಅಂದ್ರೆ, ಮನೆಗೆ ಹೋಗಿ ವೋಟು ಕೇಳೋದು, ಯಾವ ಕಡೆ ಅಂತ ವಿಚಾರಿಸೋದು ತಪ್ಪಲ್ಲ. ಆದ್ರೆ ಗೆದ್ದ ಮೇಲೆ ಈ ಸ್ಕೀಮ್ ಕೊಡ್ತೀವಿ, ಈಗಲೇ ಹೆಸರು ನಂಬರ್ ನೋಂದಾಯಿಸ್ಕೊಳ್ಳಿ ಅಂತ ಸರ್ವೇ ನೆಪದಲ್ಲಿ ಫಾರಂ ತುಂಬಿಸೋದನ್ನ ತಕ್ಷಣ ನಿಲ್ಲಿಸಿ ಅಂತ ಚುನಾವಣಾ ಆಯೋಗ 2024ರ ಮೇ 2ರಂದು ಎಲ್ಲಾ ಪಕ್ಷಗಳಿಗೂ ಹೇಳಿದೆ, ಅದು ಲಂಚಕ್ಕೆ ಸಮ ಅಂತ. ಇನ್ನು ಸರ್ಕಾರದವರು ಅಂತ ಸುಳ್ಳು ಹೇಳ್ಕೊಂಡು ಬರ್ಕೊಂಡ್ರೆ ಅದು ಸೀದಾ ಅಪರಾಧ. 2022ರ ನವೆಂಬರ್‌ನಲ್ಲಿ ಬೆಂಗಳೂರಲ್ಲಿ ಮತದಾರರ ಜಾಗೃತಿ ಹೆಸರಲ್ಲಿ ಹೋದೋರು ಬೂತ್ ಮಟ್ಟದ ಅಧಿಕಾರಿ ಅಂತ ಹೇಳ್ಕೊಂಡು ಮಾಹಿತಿ ಎತ್ತಿದ್ರು ಅನ್ನೋ ಆರೋಪದಲ್ಲಿ ಅರೆಸ್ಟುಗಳೇ ಆದ್ವು.

ನೀನು ಇಷ್ಟು ಮಾಡು: ಯಾವ ಪಕ್ಷದಿಂದ ಬಂದಿದ್ದೀನಿ, ಇದು ಎಲ್ಲಿಗೆ ಹೋಗುತ್ತೆ ಅಂತ ಬಾಗಿಲಲ್ಲೇ ಹೇಳು, ಬೇಡ ಅಂದೋರ ಮನೆಯಿಂದ ಸುಮ್ನೆ ಬಾ, ಕಾಯಿಲೆ ಕಸಾಲೆ ಅಂತೂ ಬರೀಬೇಡ. ಎಲೆಕ್ಷನ್ ಮುಗಿದ ಮೇಲೆ ಆ ಪಟ್ಟಿ ಯಾರ ಲ್ಯಾಪ್‌ಟಾಪಲ್ಲಿದೆ ಅಂತ ಒಂದು ಸಲ ನಿನ್ನ ಲೀಡರನ್ನ ಕೇಳಿ ನೋಡು.

‘ಹಿಂದಿನ ಜನ್ಮದಲ್ಲಿ ನೀವು ಯಾವ ರಾಜ’ ಥರದ ಕ್ವಿಜ್ ಮಗಳು ದಿನಾ ಆಡ್ತಾಳೆ. ಬಿಡಿಸ್ಬೇಕಾ?
– ಚನ್ನರಾಯಪಟ್ಟಣ

ಬಿಡಿಸಿ. ಕನಿಷ್ಠ ಫೇಸ್‌ಬುಕ್ ಲಾಗಿನ್ ಕೇಳೋದನ್ನ, ಫೋನ್‌ಬುಕ್ ನೋಡ್ತೀನಿ ಅನ್ನೋದನ್ನ ಒತ್ತಬಾರದು ಅಂತ ಹೇಳಿ. ಫ್ರೆಂಡ್ಸ್ ಮಾಹಿತಿ ಎಳ್ಕೊಳ್ಳೋ ದಾರಿಯನ್ನ ಫೇಸ್‌ಬುಕ್ 2015ರಲ್ಲೇ ಮುಚ್ಚಿದೆ, ಆದ್ರೆ ಫೋನ್‌ಬುಕ್ ತೆರೆದುಕೊಟ್ರೆ ಅದೇ ಕತೆ.

ಹೊಸ ಡೇಟಾ ಕಾನೂನು ಬಂದಿದೆಯಲ್ಲ, ಇನ್ನು ಪಕ್ಷದವರು ನಮ್ಮ ಮಾಹಿತಿ ಮುಟ್ಟೋ ಹಾಗಿಲ್ವಾ?
– ವಕೀಲರ ಆಫೀಸಿನ ಗುಮಾಸ್ತರು, ಹಾಸನ

ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ ಒಂಬತ್ತು ಜಡ್ಜ್‌ಗಳ ಪೀಠ 2017ರ ಆಗಸ್ಟ್ 24ಕ್ಕೆ ತೀರ್ಪು ಕೊಡ್ತು, ಆ ಕೇಸ್ ಹಾಕಿದ್ದು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಪುಟ್ಟಸ್ವಾಮಿಯವರು. ಅದಾದ ಆರು ವರ್ಷಕ್ಕೆ 2023ರಲ್ಲಿ ಕಾನೂನು, ನಿಯಮಗಳು 2025ರ ನವೆಂಬರ್‌ನಲ್ಲಿ, ಅದರಲ್ಲೂ ಮುಖ್ಯ ಭಾಗ ಜಾರಿ ಆಗೋಕೆ ಹದಿನೆಂಟು ತಿಂಗಳ ಟೈಮ್. ಒಪ್ಪಿಗೆ ಇಲ್ಲದೆ ಮಾಹಿತಿ ಬಳಸಬಾರದು ಅನ್ನೋದು ಸಾರ. ಆದ್ರೆ ನಾವೇ ಸಾರ್ವಜನಿಕವಾಗಿ ಹಾಕಿದ್ದಕ್ಕೆ, ಕಾನೂನು ಪ್ರಕಾರ ಪ್ರಕಟ ಮಾಡಲೇಬೇಕಾದ ಮಾಹಿತಿಗೆ ಇದು ಅನ್ವಯ ಆಗಲ್ಲ. ಅಂದ್ರೆ ಬೇಲೂರಿನವರು ಎಲ್ಲರಿಗೂ ಕಾಣೋ ಹಾಗೆ ಹಾಕಿದ ಆನೆ ಫೋಟೋ ಹೊರಗೆ, ಮತದಾರರ ಪಟ್ಟಿನೂ ಹೊರಗೆ. ನನ್ನ ಷರಾ ಒಳಗೆ ಬರ್ಬೇಕು. ನೀವು ವಕೀಲರ ಹತ್ರಾನೇ ಇದ್ದೀರಲ್ಲ, ಫೀಸ್ ಇಲ್ದೆ ಕೇಳಿ ಹೇಳಿ ನೋಡೋಣ.

1978ರಲ್ಲಿ ಇಂದಿರಾ ಗಾಂಧಿ ಚಿಕ್ಕಮಗಳೂರಿಗೆ ನಿಂತಾಗ ನಾನು ಹೈಸ್ಕೂಲು. ಆಗಲೂ ಜಾತಿ ಲೆಕ್ಕ ಇತ್ತು, ಯಾರ ಮಾತು ಯಾರು ಕೇಳ್ತಾರೆ ಅನ್ನೋ ಲೆಕ್ಕಾನೂ ಇತ್ತು. ಈಗ ಹೊಸದೇನಪ್ಪಾ?
– ನಿವೃತ್ತ ಮೇಷ್ಟ್ರು, ಕಡೂರು

ಮೇಷ್ಟ್ರೇ, ನೀವು ಹೇಳೋದು ಸರಿನೇ, ಲೆಕ್ಕ ಹಳೇದೇ. ಆದ್ರೆ ಆಗ ‘ಏಕ್ ಶೇರ್ನಿ ಸೌ ಲಂಗೂರ್, ಚಿಕ್ಮಗಳೂರ್ ಚಿಕ್ಮಗಳೂರ್’ (ಒಂದು ಸಿಂಹಿಣಿ, ನೂರು ಮಂಗ) ಅಂತ ಇಂದಿರಾ ಕಡೆಯವರು ಕೂಗಿದ್ದು ಬೀದೀಲಿ. ಆ ಕಡೆ ಜನತಾ ಪಕ್ಷದ ವೀರೇಂದ್ರ ಪಾಟೀಲರು, ಅವರ ಪರ ಜಾರ್ಜ್ ಫರ್ನಾಂಡಿಸ್ ಬಂದು ಭಾಷಣ ಮಾಡಿದ್ದೂ ಬೀದೀಲೇ. ತೋಟದ ಸಾಹುಕಾರ, ಆಳು, ಕಾಂಗ್ರೆಸ್‌ನವರು, ಜನತಾ ಪಕ್ಷದವರು ಎಲ್ಲರ ಕಿವಿಗೂ ಒಂದೇ ಮಾತು ಬಿತ್ತು, ಸಂಜೆ ಹೋಟ್ಲಲ್ಲಿ ಕೂತು ಹೌದು ಅಲ್ಲ ಅಂತ ಜಗಳ ಆಡಬಹುದಿತ್ತು. ಇಂದಿರಾ 77 ಸಾವಿರಕ್ಕೂ ಹೆಚ್ಚು ಅಂತರದಲ್ಲಿ ಗೆದ್ದರು, ಯಾವ ಮಾತಿಗೆ ಗೆದ್ದರು ಅಂತ ಸೋತವರಿಗೂ ಗೊತ್ತಿತ್ತು.

ಈಗ ಒಂದೇ ಕ್ಯಾಂಡಿಡೇಟು ತೋಟದವರ ಫೋನಲ್ಲಿ ಆನೆ ಓಡಿಸ್ತೀನಿ ಅಂತಾನೆ, ಪೇಟೆಯವರ ಫೋನಲ್ಲಿ ಆನೆ ಉಳಿಸ್ತೀನಿ ಅಂದ್ರೆ ತಡೆಯೋರು ಯಾರು? ಇಬ್ಬರೂ ಒಂದೇ ಹೋಟ್ಲಲ್ಲಿ ಕೂತ್ರೂ ತಂತಮ್ಮ ಫೋನ್ ನೋಡ್ತಿರ್ತಾರೆ. ಎದುರಾಳಿಗೂ ಸುಲಭಕ್ಕೆ ಕಾಣಲ್ಲ, ಪೇಪರ್‌ನವರಿಗೂ ಕಾಣಲ್ಲ. ಫೇಸ್‌ಬುಕ್ ರಾಜಕೀಯ ಜಾಹೀರಾತುಗಳ ಒಂದು ಲೈಬ್ರರಿ ಇಟ್ಟಿದೆ, ಕ್ಯಾಂಡಿಡೇಟ್ ಹೆಸರು ಹಾಕಿ ಹುಡುಕಿದ್ರೆ ದುಡ್ಡು ಕೊಟ್ಟು ಹಾಕಿಸಿದ್ದು ಸಿಗುತ್ತೆ. ವಾಟ್ಸಾಪ್ ಗ್ರೂಪಲ್ಲಿ ಓಡಾಡೋದಕ್ಕೆ ಲೈಬ್ರರಿ ಇಲ್ಲ. ನೀವು ರಿಟೈರ್ ಆಗಿದ್ದೀರಿ, ಊರಲ್ಲಿ ಹಳೇ ಶಿಷ್ಯರು ಎಲ್ಲಾ ಜಾತಿ ಎಲ್ಲಾ ಪಕ್ಷದಲ್ಲೂ ಇರ್ತಾರೆ, ಮುಂದಿನ ಎಲೆಕ್ಷನ್‌ಗೆ ಎಲ್ಲರಿಗೂ ಬಂದ ಮೆಸೇಜ್ ತರಿಸ್ಕೊಂಡು ಶಾಲೆ ಬೋರ್ಡಿನ ಥರ ಒಂದು ಕಡೆ ಅಂಟಿಸಿ ನೋಡಿ. ಬೈಸ್ಕೋತೀರಿ, ಆದ್ರೆ ಮಜಾ ಇರುತ್ತೆ.

ನಿಮಗೆ ಬರೆದ ಪತ್ರದಲ್ಲಿ ನನ್ನ ಫೋನ್ ನಂಬರ್ ಇದೆ. ನೀವೇನು ಮಾಡ್ತೀರ ಅದನ್ನ?
– ಸಕಲೇಶಪುರ

ನಿಮ್ಮ ಪತ್ರ ಮಳೆಗೆ ನೆಂದು ಬಂದಿತ್ತು, ನಂಬರಿನ ಕೊನೇ ನಾಲ್ಕು ಅಂಕಿ ಅಳಿಸಿಹೋಗಿದೆ. ಉಳಿದಿದ್ದನ್ನ ನಾನೇ ಹರಿದು ಹಾಕಿದೆ.