ಬಸವನಗುಡಿಯ ನಮ್ಮ ಹಳೇ ಬಂಗಲೆಯನ್ನು ಪೂರ್ತಿ ರಿಪೇರಿ ಮಾಡಿಸಿ, ಆಮೇಲೆ ಬಡಾವಣೆಯವರು ಸೇರುವ ಜಾಗ ಮಾಡಬೇಕು ಅಂತಿದ್ದೇವೆ. ಎಲ್ಲಿಂದ ಶುರು ಮಾಡೋದು?

ಹನ್ನೊಂದು ವರ್ಷದ ಹಿಂದೆ ನಾನೂ ಹೀಗೇ ಕೇಳಿಕೊಂಡು ಓಡಾಡುತ್ತಿದ್ದೆ. ನಮ್ಮದು ಮಲ್ಲೇಶ್ವರ. 1898ರ ಪ್ಲೇಗ್ ಆದಮೇಲೆ ಜನ ಪೇಟೆ ಬಿಟ್ಟು ಈ ಬಡಾವಣೆಗಳಿಗೆ ಬಂದರಲ್ಲ, ನಮ್ಮ ಮುತ್ತಾತನೂ ಹಾಗೇ ಬಂದು ಕಟ್ಟಿಸಿದ ಮನೆ. ಮುಂದೆ ಮಂಕಿ ಟಾಪ್ ಅನ್ನುವ ಮರದ ಪಟ್ಟಿಗಳ ಚೂಪು ಮಾಡು, ಮಂಗಳೂರು ಹೆಂಚು, ಒಳಗೆ ತೇಗದ ತೊಲೆಯ ಮೇಲೆ ಮದ್ರಾಸ್ ಟೆರೇಸ್, ಅಂದರೆ ಇಟ್ಟಿಗೆ ಮತ್ತು ಸುಣ್ಣದ ಗಾರೆಯ ಚಾವಣಿ. ದೊಡ್ಡಪ್ಪ ತೀರಿಕೊಂಡ ಮೇಲೆ ಬೀಗ ಬಿದ್ದಿತ್ತು.

ರಾಮನವಮಿಗೆ ಸಂಗೀತ ಇಟ್ಟುಕೊಂಡು ಬಾಗಿಲು ತೆಗೆಯೋಣ, ಅಷ್ಟರಲ್ಲಿ ಮನೆ ಹೊಸದರ ಹಾಗೆ ಆಗಲಿ ಅಂತ ಹಟ ಹಿಡಿದೆ. ಕೈಯಲ್ಲಿ ಇದ್ದದ್ದು ಮೂರೇ ತಿಂಗಳು. ನಡುಮನೆಯ ಸುಣ್ಣದ ಗಾರೆ ಅಲ್ಲಲ್ಲಿ ಉದುರುತ್ತಿತ್ತು. 'ಎಲ್ಲ ಕೆತ್ತಿ ಸಿಮೆಂಟ್ ಹೊಡೆದುಬಿಡೋಣ ಸಾರ್' ಅಂದರು ಕಂಟ್ರಾಕ್ಟರ್. ಹೂಂ ಅಂದೆ.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ನೀವು ಇಲ್ಲೇ ಎಡವೋದು. ಹಳೇ ಗೋಡೆ ನೆಲದಿಂದ ತೇವ ಎಳೆಯುತ್ತಲೇ ಇರುತ್ತೆ. ಸುಣ್ಣದ ಗಾರೆ ಆ ತೇವವನ್ನು ಹೊರಗೆ ಬಿಡುತ್ತೆ, ಗೋಡೆ ತಾನೇ ಒಣಗುತ್ತೆ. ಸಿಮೆಂಟ್ ಬಿಡಲ್ಲ. ಅದರ ಮೇಲೆ ನಾನು ಹೊಳೆಯುವ ಪೇಂಟ್ ಬೇರೆ ಬಳಿಸಿದ್ದೆ. ನೀರು ಒಳಗೇ ನಿಂತಿತು. ಎರಡನೇ ಮಳೆಗಾಲಕ್ಕೆ ಪೇಂಟ್ ಹಪ್ಪಳದ ಹಾಗೆ ಉಬ್ಬಿತು. ಬೆರಳಲ್ಲಿ ತಟ್ಟಿದರೆ ಡಬಡಬ ಸದ್ದು. ಒಡೆದು ನೋಡಿದರೆ ಬಿಳಿ ಉಪ್ಪು, ಅದರ ಹಿಂದೆ ಇಟ್ಟಿಗೆ ರವೆಯ ಹಾಗೆ ಉದುರುತ್ತಿತ್ತು. ಬಾಗಿಲ ಚೌಕಟ್ಟಿನ ಬುಡ ಮೆತ್ತಗಾಗಿತ್ತು. ಸಿಮೆಂಟ್ ಕೀಳುವಾಗ ಇಟ್ಟಿಗೆಯ ಮುಖವೂ ಅದರ ಜೊತೆಗೇ ಕಿತ್ತು ಬಂತು. ಅದು ಎದೆ ಒಡೆದ ದಿನ. ಮೊದಲ ಖರ್ಚಿನ ಮೂರರಷ್ಟು ಮತ್ತೆ ಸುರಿಯಬೇಕಾಯಿತು. ಸುಣ್ಣದ ಕೆಲಸ ಗೊತ್ತಿರುವ ಮೇಸ್ತ್ರಿ ಸಿಗೋಕೇ ಐದು ತಿಂಗಳು ಹಿಡಿಯಿತು.

ಆ ಐದು ತಿಂಗಳು ನಡುಮನೆ ಬೋಳು ಇಟ್ಟಿಗೆ. ಆಗಲೇ ಎದುರು ಅಪಾರ್ಟ್‌ಮೆಂಟಿನ ಅಜ್ಜಿಯೊಬ್ಬರು ಚಾಪೆ ತಂದು ಜಗುಲಿಯಲ್ಲಿ ಮಕ್ಕಳಿಗೆ ದೇವರನಾಮ ಹೇಳಿಕೊಡೋಕೆ ಶುರು ಮಾಡಿದರು. ಮಕ್ಕಳ ಹಿಂದೆ ಅಮ್ಮಂದಿರು, ಅವರ ಹಿಂದೆ ಪೇಪರ್ ಓದುವ ತಾತಂದಿರು. ಬೋಳು ಗೋಡೆ ಯಾರಿಗೂ ಅಡ್ಡಿ ಆಗಲಿಲ್ಲ.

ಅದಕ್ಕೇ ಹೇಳೋದು, 'ಮೊದಲು ರಿಪೇರಿ, ಆಮೇಲೆ ಜನ' ಅನ್ನುವ ಲೆಕ್ಕವೇ ತಪ್ಪು. ಸೋರುವ ಕಡೆ ನಿಲ್ಲಿಸಿ, ಹಳೇ ವೈರಿಂಗ್ ಬದಲಿಸಿ, ಮಳೆನೀರಿನ ದೋಣಿ ಸರಿ ಮಾಡಿಸಿ, ಜಗುಲಿ ಗುಡಿಸಿ ಬಾಗಿಲು ತೆಗೆಯಿರಿ. ಉಳಿದದ್ದು ವರ್ಷಕ್ಕೊಂದು ಕೋಣೆ. ಅರಮನೆ ರಸ್ತೆಯ ಮಾಣಿಕ್ಯವೇಲು ಮ್ಯಾನ್ಷನ್ 2009ರಲ್ಲಿ ಆಧುನಿಕ ಕಲಾ ಗ್ಯಾಲರಿ ಆಗಿದ್ದು ಕೇಂದ್ರ ಸರ್ಕಾರದ ದುಡ್ಡಲ್ಲಿ. ಅದನ್ನು ನೋಡಿ ಅಂದಾಜು ಹಾಕಬೇಡಿ. ಕಂಟ್ರಾಕ್ಟರ್ ಕರೆಸುವ ಮೊದಲು, ಹಳೇ ಕಟ್ಟಡಗಳನ್ನು ಉಳಿಸುವ ಸಂಸ್ಥೆ ಇಂಟ್ಯಾಕ್‌ನ ಬೆಂಗಳೂರು ಶಾಖೆಯವರ ಹತ್ತಿರ ಒಮ್ಮೆ ಮಾತಾಡಿ.

ನಡುಮನೆಯ ಒಂದು ಮೂಲೆಯಲ್ಲಿ ಆ ಸಿಮೆಂಟನ್ನು ಹಾಗೇ ಬಿಟ್ಟಿದ್ದೇನೆ. ಪಕ್ಕದಲ್ಲೇ ಸುಣ್ಣದ ಗೋಡೆ. ಮಳೆಗಾಲದಲ್ಲಿ ಒಂದು ಶನಿವಾರ ಸಂಜೆ ಬನ್ನಿ, ಎರಡರ ಮೇಲೂ ಕೈ ಇಟ್ಟು ನೋಡಿ.