ಹಳೆ ಸೈಡ್‌ಬೋರ್ಡ್‌ಗೆ ಹೊಸ ಪಾಲಿಶ್ ಬೇಕಾ?

ಪ್ರಶ್ನೆ: ತರವಾಡು ಮನೆಯಿಂದ (ಕುಟುಂಬದ ಮೂಲಮನೆ) ತಂದ ತೇಗದ ಸೈಡ್‌ಬೋರ್ಡನ್ನು (ಪಾತ್ರೆಪಗಡಿ ಇಡುವ ಗಿಡ್ಡ ಕಪಾಟು) ಊಟದ ಕೋಣೆಯಲ್ಲಿಟ್ಟಿದ್ದೇವೆ. ಪೂರ್ತಿ ಉಜ್ಜಿ ಹೊಸ ಪಾಲಿಶ್ ಹಾಕೋಣ ಅಂತಾರೆ ಆಚಾರಿ. ಒಪ್ಪಬಹುದಾ?
– ಓದುಗರು, ಬದಿಯಡ್ಕ

ಉತ್ತರ: ದಯವಿಟ್ಟು ಬೇಡ! ವರ್ಷಗಟ್ಟಲೆ ಕೈಯಾಡಿ ಬಂದ ಹೊಳಪು ಉಜ್ಜಿದರೆ ಹೋಯಿತು, ಮತ್ತೆ ಬರುವುದಿಲ್ಲ. ಮೊದಲು ಹಿಂಬದಿಯ ಕಾಣದ ಜಾಗದಲ್ಲಿ ಹತ್ತಿಗೆ ಚೂರು ಸ್ಪಿರಿಟ್ ಹಾಕಿ ಒತ್ತಿ ನೋಡಿ, ಅಂಟಂಟಾದರೆ ಅದು ಅರಗಿನ ಪಾಲಿಶ್ ಇರಬಹುದು, ಅರಗು ಸ್ಪಿರಿಟ್‌ನಲ್ಲಿ ಕರಗುತ್ತದಲ್ವಾ, ಹಾಗಾಗಿ ಹಳೆಯದನ್ನು ಕೀಳದೆ ಅದರ ಮೇಲೆಯೇ ತೆಳುವಾಗಿ ಇನ್ನೊಂದು ಪದರ ಕೊಡಬಹುದು. ಡ್ರಾಯರ್ ಮೂಲೆಯ ಹಲ್ಲುಜೋಡಣೆ (ಹಲಗೆಗಳು ಹಲ್ಲಿನಂತೆ ಒಂದರೊಳಗೊಂದು ಕೂಡುವುದು) ಒಂದೇ ಅಳತೆಯಲ್ಲಿಲ್ಲವೇ? ಅದು ಕೈಕೆಲಸದ ಗುರುತು, ಸರಿಮಾಡಲು ಬಿಡಬೇಡಿ. ಬಿಸಿ ಪಾತ್ರೆ ನೇರ ಇಟ್ಟರೆ ಬಿಳಿ ಕಲೆ ಬೀಳುತ್ತದೆ. ನಮ್ಮ ಕಾಸರಗೋಡಿನ ಮಳೆಗಾಲದಲ್ಲಿ ಗೋಡೆಯಿಂದ ನಾಲ್ಕು ಬೆರಳು ದೂರವಿಡಿ.