ವುಡ್ಲಿಯಲ್ಲಿ ಮನೆ ತಗೊಳ್ಳೋ ಮೊದಲು

ನಿನ್ನ ಪತ್ರ ಎರಡು ಸಲ ಓದಿದೆ. ಅಕ್ಕಾ ಅಂತ ಕರೆದಿದ್ದೀಯ, ಹಾಗಾಗಿ ನಾನೂ ನೀನು ಅಂತಲೇ ಬರೆಯುತ್ತೇನೆ. ಇಂಗ್ಲೆಂಡಿನ ರೆಡಿಂಗ್‌ಗೆ ಬಂದು ನಾಲ್ಕು ತಿಂಗಳಾಗಿದೆ, ಸ್ಟೇಷನ್ ಹತ್ತಿರದ ಬಾಡಿಗೆ ಫ್ಲ್ಯಾಟಿನಲ್ಲಿದ್ದೀರಿ, ಹೋದ ಭಾನುವಾರ ಪಕ್ಕದ ವುಡ್ಲಿಯಲ್ಲಿ ಮೂರು ಬೆಡ್‌ರೂಮಿನ ಒಂದು ಮನೆ ನೋಡಿ ಬಂದಿರಿ. ನಿಮ್ಮ ಯಜಮಾನರಿಗೆ ಹಿಡಿಸಿದೆ. ನಿನಗೆ ಮಾತ್ರ ಆ ರಸ್ತೆ ನೋಡಿ ಭಯ. "ಅರ್ಧ ಗಂಟೆ ನಿಂತಿದ್ದೆವು ಅಕ್ಕಾ, ಒಂದು ಬೂದು ಬೆಕ್ಕು ಬಿಟ್ಟರೆ ಒಂದು ನರಪಿಳ್ಳೆ ಇಲ್ಲ. ಇಲ್ಲಿ ಬದುಕೋಕೆ ಆಗುತ್ತಾ? ಈಗಲೇ ತಗೊಂಡುಬಿಡೋದಾ?" ಅಂತ ಕೇಳಿದ್ದೀಯ.

ಎರಡನೇ ಪ್ರಶ್ನೆಗೆ ಮೊದಲು ಉತ್ತರ. ಈಗಲೇ ಬೇಡ. ಮನೆ ಚೆನ್ನಾಗಿಲ್ಲ ಅಂತಲ್ಲ. ಪತ್ರದ ಕೊನೆಯಲ್ಲಿ ನೀನು ಸುಮ್ನೆ ಬರೆದ ಒಂದು ಸಾಲು ಇದೆಯಲ್ಲ, "ಯಲಹಂಕದ ಫ್ಲ್ಯಾಟ್ ಬಾಡಿಗೆಗೆ ಕೊಟ್ಟಿದ್ದೇವೆ, ಅದರ ಪಾಡಿಗೆ ಅದು ಇರುತ್ತೆ" ಅಂತ, ಅದಕ್ಕೆ. ಅದರ ಪಾಡಿಗೆ ಅದು ಇರೋದಿಲ್ಲ ಕಣೇ. ನಿಮ್ಮ ಹಿಂದೆಯೇ ಇಲ್ಲಿಗೂ ಬರುತ್ತೆ.

ಇಲ್ಲಿ ಮನೆ ಕೊಂಡರೆ ಸ್ಟ್ಯಾಂಪ್ ಡ್ಯೂಟಿ ಕಟ್ಟಬೇಕು. ಮೊದಲ ಮನೆ ಕೊಳ್ಳುವವರಿಗೆ ರಿಯಾಯಿತಿ ಇದೆ. ಆದರೆ ಮೊದಲ ಮನೆ ಅಂದರೆ ಇಂಗ್ಲೆಂಡಿನಲ್ಲಿ ಮೊದಲನೆಯದು ಅಲ್ಲ, ಇಡೀ ಪ್ರಪಂಚದಲ್ಲಿ ಮೊದಲನೆಯದು. ಗಂಡ ಹೆಂಡತಿ ಸೇರಿ ಕೊಂಡರೆ ಇಬ್ಬರಿಗೂ ಮೊದಲನೆಯದೇ ಆಗಿರಬೇಕು. ಸಾಲದ್ದಕ್ಕೆ, ಬೇರೆಲ್ಲಾದರೂ 40,000 ಪೌಂಡ್ ಅಥವಾ ಅದಕ್ಕಿಂತ ಜಾಸ್ತಿ ಬೆಲೆಯ ಮನೆ ಇದ್ದರೆ, ಇಲ್ಲಿ ಕೊಳ್ಳೋ ಮನೆಯ ಪೂರ್ತಿ ಬೆಲೆಯ ಮೇಲೆ ಶೇಕಡಾ 5 ಹೆಚ್ಚುವರಿ. ಮುಂಚೆ 3 ಇತ್ತು, 2024ರ ಅಕ್ಟೋಬರ್ 31ರಿಂದ 5 ಆಯಿತು. ಖಾಲಿ ಸೈಟ್ ಆಗಿದ್ದರೆ ಮಾತು ಬೇರೆ ಇತ್ತು, ಈ ಲೆಕ್ಕ ವಾಸದ ಮನೆಗೆ ಮಾತ್ರ.

ನೀವು ನೋಡಿದ ಮನೆಗೆ ನಾಲ್ಕೂವರೆ ಲಕ್ಷ ಪೌಂಡ್ ಹೇಳುತ್ತಿದ್ದಾರೆ. 2025ರ ಏಪ್ರಿಲ್‌ನಿಂದ ಇರುವ ದರದಲ್ಲಿ, ಎಲ್ಲೂ ಯಾವತ್ತೂ ಸ್ವಂತ ಮನೆ ಇರದವರು ಅದಕ್ಕೆ 7,500 ಪೌಂಡ್ ಕಟ್ಟುತ್ತಾರೆ. ನಿಮಗೆ ಆ ರಿಯಾಯಿತಿಯೂ ಇಲ್ಲ, ಮೇಲೆ ಶೇಕಡಾ 5 ಬೇರೆ, ಹಾಗಾಗಿ ನೀವು 35,000 ಕಟ್ಟುತ್ತೀರಿ. ಅಷ್ಟಕ್ಕೇ ನಿಲ್ಲಲಿಲ್ಲ. ಹಿಂದಿನ ಒಂದು ವರ್ಷದಲ್ಲಿ 183 ದಿನ ಈ ದೇಶದಲ್ಲಿ ಇರದವರಿಗೆ ಇನ್ನೂ ಶೇಕಡಾ 2 ಇದೆ, ಅಂದರೆ 9,000. ಆಮೇಲೆ ಇಲ್ಲೇ ಇದ್ದರೆ ಆ ದುಡ್ಡು ವಾಪಸ್ ಕೇಳಬಹುದು, ಆದರೆ ಮೊದಲು ಕೈಯಿಂದ ಕಟ್ಟಲೇಬೇಕು. ಒಟ್ಟು 44,000 ಪೌಂಡ್! ಯಲಹಂಕದಿಂದ ಎಷ್ಟು ಬಾಡಿಗೆ ಬರುತ್ತೆ, ನೀನೇ ಲೆಕ್ಕ ಹಾಕು. ಫ್ಲ್ಯಾಟ್ ಮಾರಿ ಅಂತ ನಾನು ಹೇಳುತ್ತಿಲ್ಲ. ಮನೆಯ ಕಾಗದಪತ್ರ ನೋಡಿಕೊಳ್ಳೋ ಇಲ್ಲಿನ ವಕೀಲರಿಗೆ, ಅಂದರೆ ಸಾಲಿಸಿಟರಿಗೆ, ಮೊದಲ ದಿನವೇ ಅದರ ವಿಷಯ ಹೇಳಿ, ಮುಚ್ಚಿಡಬೇಡಿ.

ಇನ್ನೊಂದು, ಇಲ್ಲಿ ಟೋಕನ್ ಅಡ್ವಾನ್ಸ್ ಅನ್ನೋದೇ ಇಲ್ಲ. ನಾವು 2013ರಲ್ಲಿ ಇದೇ ಏರಿಯಾದಲ್ಲಿ ಒಂದು ಮನೆಗೆ ಆಫರ್ ಕೊಟ್ಟೆವು, ಒಪ್ಪಿಕೊಂಡರು. ಖುಷಿಗೆ ಶಿವಮೊಗ್ಗಕ್ಕೆ ಫೋನ್ ಮಾಡಿದೆ. ಅಮ್ಮ ಭಟ್ಟರ ಹತ್ತಿರ ಗೃಹಪ್ರವೇಶಕ್ಕೆ ಮುಹೂರ್ತವನ್ನೂ ಕೇಳಿಬಿಟ್ಟರು. ಐದು ವಾರ ಕಳೆದ ಮೇಲೆ ಏಜೆಂಟ್ ಫೋನ್ ಮಾಡಿ, ಇನ್ಯಾರೋ ಜಾಸ್ತಿ ಕೊಡುತ್ತಾರಂತೆ, ಮನೆ ಅವರಿಗೆ ಹೋಯಿತು ಅಂದ. ಮನೆ ಗಟ್ಟಿಯಾಗಿದೆಯಾ ಅಂತ ನೋಡಿಸೋ ಸರ್ವೆಗೆ ಕೊಟ್ಟ ದುಡ್ಡು, ಸಾಲಿಸಿಟರಿಗೆ ಕೊಟ್ಟ ದುಡ್ಡು ನೀರಿಗೆ ಹೋಯಿತು. ಯಾರನ್ನೂ ಕೇಳೋ ಹಾಗಿಲ್ಲ. ಕಾಂಟ್ರಾಕ್ಟ್ ಎಕ್ಸ್‌ಚೇಂಜ್, ಅಂದರೆ ಎರಡೂ ಕಡೆಯವರು ಸಹಿ ಮಾಡಿದ ಕರಾರು ಅದಲುಬದಲು, ಆಗುವ ತನಕ ಇಬ್ಬರಲ್ಲಿ ಯಾರು ಬೇಕಾದರೂ ಕೈ ಎತ್ತಬಹುದು. ಕೀ ಸಿಗುವ ದಿನವೂ ಗಟ್ಟಿಯಾಗಿ ಗೊತ್ತಾಗೋದು ಆವಾಗಲೇ. ಆದ್ದರಿಂದ ಅತ್ತೆಗೆ ಈಗಲೇ ಏನೂ ಹೇಳಬೇಡ!

ಲೀಸ್‌ಹೋಲ್ಡ್ ಬಗ್ಗೆ ಕೇಳಿದ್ದೀಯ. ಫ್ಲ್ಯಾಟ್‌ಗಳು ಸಾಮಾನ್ಯವಾಗಿ ಲೀಸ್‌ಹೋಲ್ಡ್, ಇಂತಿಷ್ಟು ವರ್ಷಕ್ಕೆ ಅಂತ. ಮನೆಗಳು ಹೆಚ್ಚಾಗಿ ಫ್ರೀಹೋಲ್ಡ್, ನೆಲವೂ ನಿಮ್ಮದೇ. ವುಡ್ಲಿಯಲ್ಲಿ ನೋಡುತ್ತಿರೋದು ಮನೆ, ಹಾಗಾಗಿ ಅದರ ತಲೆಬಿಸಿ ಸ್ವಲ್ಪ ಕಮ್ಮಿ. ವಾಸ್ತು ವಿಷಯಕ್ಕೆ ಒಂದೇ ಮಾತು. ನಮ್ಮವರು ಪೂರ್ವದ ಬಾಗಿಲು ಹುಡುಕುತ್ತಾರೆ, ಇಲ್ಲಿಯವರು ದಕ್ಷಿಣಕ್ಕೆ ಮುಖ ಮಾಡಿದ ಹಿತ್ತಲು ಹುಡುಕುತ್ತಾರೆ. ನಾಲ್ಕು ಚಳಿಗಾಲ ಕಳೆದ ಮೇಲೆ ನಾನೂ ಅವರ ಕಡೆ ಸೇರಿಕೊಂಡೆ. ಡಿಸೆಂಬರ್‌ನಲ್ಲಿ ಸಂಜೆ ನಾಲ್ಕಕ್ಕೆ ಮೊದಲೇ ಸೂರ್ಯ ಮುಳುಗುತ್ತಾನೆ. ಇರುವಷ್ಟು ಬಿಸಿಲು ಅಡುಗೆಮನೆ ಕಿಟಕಿಗಾದರೂ ಬೀಳಲಿ ಅಂತ ಅನಿಸುತ್ತೆ.

ಈಗ ಆ ನಿಶ್ಶಬ್ದದ ವಿಷಯ. ಅದು ನಿಜ, ನಾನು ಸುಳ್ಳು ಹೇಳೋದಿಲ್ಲ. ಮೊದಲ ವರ್ಷ ನನಗೆ ಕುಕ್ಕರ್ ಸೀಟಿಯೇ ಜೊತೆ. ತರಕಾರಿಯವನ ಕೂಗಿಲ್ಲ, ಎದುರು ಮನೆಯ ರೇಡಿಯೋ ಇಲ್ಲ, ಬಾಗಿಲು ತೆರೆದಿಟ್ಟರೂ ಯಾರೂ ಒಳಗೆ ಬರೋದಿಲ್ಲ. ಪಕ್ಕದ ಮನೆಯ ಅಜ್ಜಿ ಎರಡು ತಿಂಗಳು ಬರೀ ಹವಾಮಾನದ ಮಾತಾಡಿದರು. ಇವರಿಗೆ ನಾವು ಬೇಡ ಅಂತಲೇ ಅಂದುಕೊಂಡಿದ್ದೆ.

ಒಂದು ದಿನ ಮೆಣಸಿನಕಾಯಿ ಒಗ್ಗರಣೆ ಹಾಕಿದೆ. ಹೊಗೆಗೆ ಸ್ಮೋಕ್ ಅಲಾರಂ ಕಿರುಚೋಕೆ ಶುರು. ನಾನು ಸ್ಟೂಲ್ ಮೇಲೆ ನಿಂತು ಟವೆಲ್ ಬೀಸುತ್ತಿದ್ದೇನೆ, ಬಾಗಿಲಲ್ಲಿ ಅಜ್ಜಿ! ಕಾಲಿಗೆ ಮನೆಯ ಚಪ್ಪಲಿ, ಕೈಯಲ್ಲಿ ಬೆಂಕಿ ಆರಿಸುವ ಕಂಬಳಿ. ಕೆಮ್ಮುತ್ತಾ ಒಳಗೆ ಬಂದು, ಕಿಟಕಿ ತೆಗೆದು, ಬಾಣಲೆ ನೋಡಿ, ಇದು ಏನು ಅಡುಗೆ ಅಂದರು. ಅವತ್ತು ಸಾರು ಅನ್ನ ತಿಂದೇ ಹೋದರು. ನಾವು ಊರಿಗೆ ಹೋದಾಗ ನಮ್ಮ ಕಸದ ಬಿನ್ ಹೊರಗೆ ಇಡೋದು, ಪಾರ್ಸೆಲ್ ತೆಗೆದಿಡೋದು ಎಲ್ಲಾ ಆಮೇಲೆ ಅವರೇ. ಅಲ್ಲಿಯ ತನಕ ನಾನೂ ಅವರ ಬಾಗಿಲು ತಟ್ಟಿರಲಿಲ್ಲ, ಅಲ್ವಾ?

ಇನ್ನೊಂದು ತಮಾಷೆ ಕೇಳು. ಮಾರುವವರು ಇಲ್ಲಿ ಒಂದು ಫಾರಂ ತುಂಬುತ್ತಾರೆ. ಅದರಲ್ಲಿ ಅಕ್ಕಪಕ್ಕದವರ ಜೊತೆ ಜಗಳ ಇದೆಯಾ ಅಂತ ಒಂದು ಪ್ರಶ್ನೆ. ನಮ್ಮಲ್ಲಿ ಕೇಳಿದರೆ ಕಾಗದ ಸಾಲೋದಿಲ್ಲ. ಬಂದ ಉತ್ತರ ಸಾಲಿಸಿಟರ್ ಕಳಿಸಿದಾಗ ಗಮನವಿಟ್ಟು ಓದು. ಇದ್ದ ಜಗಳ ಮುಚ್ಚಿಟ್ಟರೆ ಅವರಿಗೇ ತೊಂದರೆ.

ನಾನಾಗಿದ್ದರೆ ಏನು ಮಾಡುತ್ತಿದ್ದೆ ಅಂದರೆ, ಬರೋ ಚಳಿಗಾಲವನ್ನು ವುಡ್ಲಿಯಲ್ಲೇ ಬಾಡಿಗೆಗೆ ಇದ್ದು ಕಳೆಯುತ್ತಿದ್ದೆ. ಮಗಳನ್ನು ಶಾಲೆಗೆ ಸೇರಿಸೋಕೆ ಬಾಡಿಗೆ ಮನೆಯ ವಿಳಾಸವೂ ನಡೆಯುತ್ತೆ. ಪ್ರೈಮರಿಗೆ ಅರ್ಜಿ ಹಾಕಲು ಜನವರಿ 15 ಕೊನೆಯ ದಿನ, ಮರೆಯಬೇಡ. ವುಡ್ಲಿಯೊಳಗೆ ರೈಲ್ವೆ ಸ್ಟೇಷನ್ ಇಲ್ಲ, ಅರ್ಲಿ ಇಲ್ಲವೇ ವಿನ್ನರ್ಶ್ ಟ್ರಯಾಂಗಲ್‌ಗೆ ಹೋಗಬೇಕು. ಬೆಳಿಗ್ಗೆ ಮಳೆಯಲ್ಲಿ ಆ ದಾರಿ ನಡೆದು ನೋಡಲಿ ಯಜಮಾನರು. ಭಾನುವಾರ ಬಿಸಿಲಲ್ಲಿ ನೋಡಿದ ಮನೆ ಬೇರೆ, ನವೆಂಬರ್ ಮಂಗಳವಾರದ ಮನೆ ಬೇರೆ.

ಶನಿವಾರ ಮೂವರೂ ಊಟಕ್ಕೆ ಬನ್ನಿ. ಬಿಸಿಲಿದ್ದರೆ ಡಿಂಟನ್ ಪಾಶ್ಚರ್ಸ್ ಪಾರ್ಕಿಗೆ ಹೋಗಿ ಕೆರೆ ಸುತ್ತೋಣ, ಮಗಳಿಗೆ ಬಾತುಕೋಳಿ ನೋಡೋಕೆ ಸಿಗುತ್ತೆ. ಬರುವಾಗ ರೆಡಿಂಗ್ ಅಂಗಡಿಯಲ್ಲಿ ಕರಿಬೇವು ಕಂಡರೆ ಎರಡು ಕಟ್ಟು ತಾ, ನನ್ನ ಗಿಡ ಹೋದ ಚಳಿಗೆ ಹೋಯಿತು. ಆ ಬೂದು ಬೆಕ್ಕಿಗೆ ಹೆದರಬೇಡ. ಅದು ನಮ್ಮ ಪಕ್ಕದ ಅಜ್ಜಿಯದು, ಊಟದ ಹೊತ್ತಿಗೆ ನಮ್ಮ ಮನೆಗೇ ಬರುತ್ತೆ.